ಗುಡ್ಡದ ಮೇಲಿನ ಗಣಿತಪಾಠ

2020ನೆಯ ಇಸವಿಯ ಮಾರ್ಚಿಯಲ್ಲಿ ಕೋವಿಡ್ ವ್ಯಾಧಿಯ ಕಾರಣದಿಂದ ನಾಡಿನ ಶಾಲಾ ಕಾಲೇಜುಗಳೆಲ್ಲ ಬಾಗಿಲು ಮುಚ್ಚಿದುವು. ಪಾಠಪ್ರವಚನಗಳು ಮೊಬೈಲ್ ಫೋನಿನ ಪುಟ್ಟ ತೆರೆಯ ಮೇಲೆ ನಡೆಯತೊಡಗಿದುವು. ಬಯಲುಸೀಮೆಯ ಪಟ್ಟಣಗಳಲ್ಲಿ ಇದು ಒಂದು ಅನನುಕೂಲ ಮಾತ್ರವಾಗಿದ್ದರೆ ಕೊಡಗಿನಂತಹ ಮಲೆಸೀಮೆಯಲ್ಲಿ ಅದೊಂದು ಪರೀಕ್ಷೆಯೇ ಆಯಿತು. ಮನೆ ಕಣಿವೆಯಲ್ಲಿ, ಗದ್ದೆಯ ಅಂಚಿನಲ್ಲಿ. ಸುತ್ತ ಕಾಫಿತೋಟ, ಎತ್ತರದ ಮರಗಳು, ಅವುಗಳಾಚೆ ಬೆಟ್ಟ. ಫೋನಿಗೆ ಸಂಕೇತ ದೊರೆಯಬೇಕಾದರೆ ವಿದ್ಯಾರ್ಥಿಯು ಪುಸ್ತಕವನ್ನೂ ಕೊಡೆಯನ್ನೂ ಹಿಡಿದು ಗುಡ್ಡ ಹತ್ತಬೇಕು. ಸೋಮವಾರಪೇಟೆ ತಾಲ್ಲೂಕಿನ ಮುಳ್ಳೂರಿನ ಶಾಲೆಯ ಶಿಕ್ಷಕರೊಬ್ಬರು 2021ರಲ್ಲಿ ಸಂಕೇತಕ್ಕಾಗಿ ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಅಲ್ಲಿಂದಲೇ ಮಕ್ಕಳಿಗೆ ಪಾಠ ಹೇಳಿದುದು ಪತ್ರಿಕೆಗಳಲ್ಲಿ ವರದಿಯಾಗಿತ್ತು.

ಹೀಗೆ ಗುಡ್ಡ ಹತ್ತಿದವರಲ್ಲಿ ಪದವಿ ತರಗತಿಯ ಗಣಿತ ವಿದ್ಯಾರ್ಥಿಗಳೂ ಇದ್ದರು. ಅವರ ಪಾಲಿಗೆ ಬಂದ ವಿಷಯಗಳಲ್ಲಿ ಒಂದು ಬಹುಚರ ಕಲನಶಾಸ್ತ್ರ. ಕಾಲೇಜಿನ ಮಾತಿನಲ್ಲಿ ಇದು ಮಲ್ಟಿವೇರಿಯಬಲ್ ಕ್ಯಾಲ್ಕ್ಯುಲಸ್. ಗುರುಗಳು ಎದುರಿಗೆ ಇರುವಾಗಲೇ ಕಠಿನವೆನಿಸುವ ಈ ವಿಷಯವನ್ನು ದೂರದಿಂದ ಕಲಿಯುವುದು ಸಾಧ್ಯವೇ? ಈ ಪ್ರಶ್ನೆಗೆ ಉತ್ತರ ಹುಡುಕುವ ಮುನ್ನ ಒಂದು ಸ್ವಾರಸ್ಯವನ್ನು ಗಮನಿಸಬೇಕು. ಸಂಕೇತವನ್ನು ಅರಸುತ್ತ ಗುಡ್ಡದ ಮೇಲೆ ಅತ್ತಿತ್ತ ಹೆಜ್ಜೆಯಿಡುವ ವಿದ್ಯಾರ್ಥಿ ತನಗರಿವಿಲ್ಲದೆಯೇ ಆ ಪಾಠದ ಮೊದಲ ಅಧ್ಯಾಯವನ್ನು ಕಾಲಿನಿಂದ ಬರೆಯುತ್ತಿರುತ್ತಾನೆ.

ಒಂದು ಚರದಿಂದ ಹಲವು ಚರಗಳಿಗೆ

ಪಿ.ಯು. ತರಗತಿಯ ಕಲನಶಾಸ್ತ್ರದಲ್ಲಿ ಒಂದು ಪರಿಮಾಣವು ಇನ್ನೊಂದೇ ಪರಿಮಾಣವನ್ನು ಅವಲಂಬಿಸಿರುತ್ತದೆ. ಮೇಲಕ್ಕೆಸೆದ ಕಲ್ಲಿನ ಎತ್ತರವು ಕಾಲವನ್ನು ಅವಲಂಬಿಸಿದೆ. ಕಾಲ ಬದಲಾದಂತೆ ಎತ್ತರವೂ ಬದಲಾಗುತ್ತದೆ. ಇಂತಹ ಅವಲಂಬನೆಗೆ ಫಲನವೆಂದು ಹೆಸರು. ಆದರೆ ಲೋಕವ್ಯವಹಾರದಲ್ಲಿ ಒಂದೇ ಕಾರಣಕ್ಕೆ ಕಟ್ಟುಬಿದ್ದ ಪರಿಮಾಣಗಳು ಬಹಳ ವಿರಳ. ಫೋನಿನ ಸಂಕೇತದ ಬಲವನ್ನೇ ನೋಡಿ. ನಾವು ಪೂರ್ವಕ್ಕೆ ಎಷ್ಟು ದೂರ ಸರಿದಿದ್ದೇವೆ, ಉತ್ತರಕ್ಕೆ ಎಷ್ಟು ಸರಿದಿದ್ದೇವೆ, ಎಷ್ಟು ಎತ್ತರದಲ್ಲಿ ನಿಂತಿದ್ದೇವೆ ಎಂಬ ಮೂರು ಸಂಖ್ಯೆಗಳನ್ನೂ ಅದು ಅವಲಂಬಿಸಿದೆ. ಅಡ್ಡಿಯಿಲ್ಲದ ಬಯಲಿನಲ್ಲಿ ಗೋಪುರದಿಂದ ದೂರ ಇಮ್ಮಡಿಯಾದರೆ ಸಂಕೇತದ ಬಲ ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತದೆ. ಮಲೆನಾಡಿನಲ್ಲಿ ಬೆಟ್ಟಗಳೂ ಮರಗಳೂ ಅಡ್ಡ ಬರುವುದರಿಂದ ಲೆಕ್ಕ ಅಷ್ಟು ಸರಳವಲ್ಲ. ಆದರೂ ಅದು ಮೂರು ಚರಗಳ ಫಲನವೆಂಬುದು ಮಾತ್ರ ನಿಶ್ಚಯ.

ಮೂರಕ್ಕಿಂತ ಎರಡು ಚರಗಳ ಫಲನವನ್ನು ಕಲ್ಪಿಸಿಕೊಳ್ಳುವುದು ಸುಲಭ. ಅದರ ಅತ್ಯುತ್ತಮ ಉದಾಹರಣೆ ಗುಡ್ಡವೇ. ನೆಲದ ಪ್ರತಿಯೊಂದು ಸ್ಥಾನಕ್ಕೂ ಒಂದು ಎತ್ತರವಿದೆ. ಕೊಡಗಿನ ಅತ್ಯುನ್ನತ ಶಿಖರವಾದ ತಡಿಯಂಡಮೋಳಿನ ತುದಿಯಲ್ಲಿ ಈ ಎತ್ತರ 1,748 ಮೀಟರು. ಅಲ್ಲಿಂದ ಯಾವ ದಿಕ್ಕಿಗೆ ಕಾಲಿಟ್ಟರೂ ಅದು ಕಡಿಮೆಯಾಗುತ್ತದೆ.

ಲೆಕ್ಕಕ್ಕೆ ಅನುಕೂಲವಾಗುವಂತೆ ನಾವೇ ಒಂದು ಗುಡ್ಡವನ್ನು ಕಲ್ಪಿಸಿಕೊಳ್ಳೋಣ. ಅದರ ನೆತ್ತಿಯ ಎತ್ತರ 1,200 ಮೀಟರು. ನೆತ್ತಿಯಿಂದ ಪೂರ್ವಕ್ಕೆ ಹೋದ ದೂರವನ್ನು ‘ಪ’ ಎಂದೂ ಉತ್ತರಕ್ಕೆ ಹೋದ ದೂರವನ್ನು ‘ಉ’ ಎಂದೂ ಕರೆಯೋಣ; ಎರಡನ್ನೂ ನೂರು ಮೀಟರಿನ ಮಾನದಲ್ಲಿ ಅಳೆಯೋಣ. ಎತ್ತರ ‘ಎ’ಗೆ ಸೂತ್ರ ಹೀಗಿರಲಿ:

ಎ = 1200 − 2ಪ² − 4ಉ²

ನಮ್ಮ ವಿದ್ಯಾರ್ಥಿ ನೆತ್ತಿಯಿಂದ 300 ಮೀಟರು ಪೂರ್ವಕ್ಕೂ 200 ಮೀಟರು ಉತ್ತರಕ್ಕೂ ನಿಂತಿದ್ದಾನೆ. ಅಂದರೆ ಪ = 3, ಉ = 2. ಆಗ ಅವನ ಎತ್ತರ 1200 − 18 − 16, ಎಂದರೆ 1,166 ಮೀಟರು.

ಆಂಶಿಕ ಅವಕಲ

ಅವನು ಒಂದು ಹೆಜ್ಜೆ ಇಟ್ಟರೆ ಎಷ್ಟು ಏರುತ್ತಾನೆ ಅಥವಾ ಇಳಿಯುತ್ತಾನೆ? ಒಂದು ಚರದ ಕಲನದಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರವಿತ್ತು. ಇಲ್ಲಿ ‘ಯಾವ ದಿಕ್ಕಿಗೆ?’ ಎಂದು ಮರುಪ್ರಶ್ನೆ ಹಾಕದೆ ಉತ್ತರ ಕೊಡಲಾಗದು. ಹೊಸ ವಿಷಯದ ಕಠಿನತೆಯೂ ಸೊಗಸೂ ಎರಡೂ ಈ ಒಂದು ಮಾತಿನಲ್ಲಿ ಅಡಗಿವೆ.

ಮೊದಲು ಕೇವಲ ಪೂರ್ವ ಪಶ್ಚಿಮವಾಗಿ ನಡೆಯುವುದೆಂದು ನಿಯಮ ಮಾಡಿಕೊಳ್ಳೋಣ. ಆಗ ‘ಉ’ ಬದಲಾಗುವುದಿಲ್ಲ. ಸೂತ್ರದ ಕೊನೆಯ ಪದ ಸ್ಥಿರವಾಗಿ ನಿಲ್ಲುತ್ತದೆ. ಉಳಿದುದು ನಮಗೆ ಪರಿಚಿತವಾದ ಒಂದು ಚರದ ಅವಕಲನ ಮಾತ್ರ. ಅದರಿಂದ ದೊರೆಯುವ ಬೆಲೆ −4ಪ. ನಮ್ಮ ಸ್ಥಾನದಲ್ಲಿ −12. ಎಂದರೆ ಪೂರ್ವಕ್ಕೆ ನೂರು ಮೀಟರಿಗೆ 12 ಮೀಟರಿನ ದರದಲ್ಲಿ, ಹೆಜ್ಜೆಯ ಮಾತಿನಲ್ಲಿ ಹೇಳುವುದಾದರೆ ಒಂದು ಮೀಟರಿಗೆ ಸುಮಾರು 12 ಸೆಂಟಿಮೀಟರಿನಷ್ಟು, ಇಳಿಜಾರಿದೆ. ಇದೇ ರೀತಿ ‘ಪ’ವನ್ನು ಸ್ಥಿರವಾಗಿಟ್ಟು ಉತ್ತರಕ್ಕೆ ನಡೆದರೆ ದೊರೆಯುವ ಬೆಲೆ −8ಉ, ಅಂದರೆ −16. ಈ ಎರಡು ಬೆಲೆಗಳಿಗೆ ಆಂಶಿಕ ಅವಕಲಗಳೆಂದು ಹೆಸರು. ಇವುಗಳನ್ನು ಬರೆಯುವಾಗ ಬಳಸುವ ಬಾಗಿದ ‘ಡಿ’ ಅಕ್ಷರವು ಜರ್ಮನಿಯ ಗಣಿತಜ್ಞ ಯಾಕೋಬಿ 1841ರಲ್ಲಿ ಉಪಯೋಗಿಸಿದ ಮೇಲೆ ಕ್ರಮೇಣ ಬಳಕೆಗೆ ಬಂದಿತು.

ಅತಿ ಕಡಿದಾದ ದಾರಿ

ಗುಡ್ಡದಲ್ಲಿರುವುದು ಎರಡೇ ದಿಕ್ಕುಗಳಲ್ಲ, ಅನಂತ ದಿಕ್ಕುಗಳು. ಅವುಗಳಿಗೆಲ್ಲ ಬೇರೆ ಬೇರೆಯಾಗಿ ಅವಕಲನ ಮಾಡಬೇಕೆ? ಬೇಕಿಲ್ಲ. ಈ ಎರಡು ಸಂಖ್ಯೆಗಳೇ ಸಾಕು. ವಿದ್ಯಾರ್ಥಿ 60 ಸೆಂಟಿಮೀಟರು ಪಶ್ಚಿಮಕ್ಕೂ 80 ಸೆಂಟಿಮೀಟರು ದಕ್ಷಿಣಕ್ಕೂ ಸರಿದನೆನ್ನೋಣ. ಪೈಥಾಗೊರಸನ ಪ್ರಮೇಯದಂತೆ ಅವನು ನಡೆದ ದೂರ ಸರಿಯಾಗಿ ಒಂದು ಮೀಟರು. ಏರಿದ ಎತ್ತರವೋ, 0.6 × 12 ಮತ್ತು 0.8 × 16 ಇವುಗಳ ಮೊತ್ತ. ಅಂದರೆ 20 ಸೆಂಟಿಮೀಟರು. ಒಂದು ಮೀಟರು ನಡಿಗೆಗೆ ಆ ಸ್ಥಾನದಲ್ಲಿ ಇದಕ್ಕಿಂತ ಹೆಚ್ಚು ಏರಿಸುವ ದಿಕ್ಕು ಬೇರೊಂದಿಲ್ಲ. ಎರಡು ಆಂಶಿಕ ಅವಕಲಗಳನ್ನು ಜೊತೆಗೂಡಿಸಿ ಪಡೆದ ಈ ಬಾಣದಂತಹ ಪರಿಮಾಣಕ್ಕೆ ಪ್ರವಣತೆ ಅಥವಾ ಗ್ರೇಡಿಯಂಟ್ ಎಂದು ಹೆಸರು. ಬಾಣದ ದಿಕ್ಕು ಅತ್ಯಂತ ಕಡಿದಾದ ಏರಿನ ದಿಕ್ಕು. ಅದರ ಉದ್ದ ಆ ಏರಿನ ಪ್ರಮಾಣ.

ಇಲ್ಲಿ ಒಂದು ಸೋಜಿಗವಿದೆ. ನೆತ್ತಿಯು ಇರುವುದು ವಿದ್ಯಾರ್ಥಿಯಿಂದ 300 ಮೀಟರು ಪಶ್ಚಿಮಕ್ಕೆ ಮತ್ತು 200 ಮೀಟರು ದಕ್ಷಿಣಕ್ಕೆ. ಪ್ರವಣತೆಯ ಬಾಣವಾದರೋ ಪಶ್ಚಿಮಕ್ಕೆ ಮೂರು ಪಾಲು, ದಕ್ಷಿಣಕ್ಕೆ ನಾಲ್ಕು ಪಾಲು ತೋರಿಸುತ್ತದೆ. ಅಂದರೆ ಅತಿ ಕಡಿದಾದ ದಾರಿ ನೆಟ್ಟಗೆ ನೆತ್ತಿಯ ಕಡೆಗೆ ಹೋಗುವುದೇ ಇಲ್ಲ! ನೆತ್ತಿಯತ್ತ ಮುಖಮಾಡಿ ಒಂದು ಮೀಟರು ನಡೆದರೆ ಏರುವುದು ಸುಮಾರು 18.9 ಸೆಂಟಿಮೀಟರು ಮಾತ್ರ. ಗುಡ್ಡವು ಪೂರ್ವ ಪಶ್ಚಿಮವಾಗಿ ನೀಳವಾಗಿದ್ದು ಉತ್ತರ ದಕ್ಷಿಣವಾಗಿ ಕಡಿದಾಗಿರುವುದೇ ಇದಕ್ಕೆ ಕಾರಣ. ಪ್ರವಣತೆಗೆ ದೂರದ ಶಿಖರದ ಪರಿಚಯವಿಲ್ಲ. ಕಾಲ ಕೆಳಗಿನ ನೆಲದ ಪರಿಚಯ ಮಾತ್ರ ಉಂಟು. ಪ್ರತಿ ಹೆಜ್ಜೆಗೂ ಬಾಣವನ್ನು ಹೊಸದಾಗಿ ಲೆಕ್ಕಹಾಕಿಕೊಂಡು ನಡೆದರೆ ಬಾಗಿದ ದಾರಿಯಲ್ಲಿ ನೆತ್ತಿಯನ್ನು ಸೇರಬಹುದು. ಫ್ರಾನ್ಸಿನ ಕೋಶಿ 1847ರಲ್ಲಿ ಸೂಚಿಸಿದ ವಿಧಾನದ ಸಾರ ಇದೇ. ಇಂದು ಗಣಕಯಂತ್ರಗಳಿಗೆ ಭಾಷೆಯನ್ನೂ ಚಿತ್ರಗಳನ್ನೂ ಗುರುತಿಸಲು ಕಲಿಸುವ ಲೆಕ್ಕಗಳಲ್ಲಿ ನಡೆಯುವುದೂ ಇದರ ಸಂತತಿಯೇ. ಅಲ್ಲಿ ತಪ್ಪಿನ ಪ್ರಮಾಣವನ್ನು ಗುಡ್ಡವೆಂದು ಭಾವಿಸಿ ಅದರಿಂದ ಕೆಳಗಿಳಿಯುತ್ತಾರೆ. ಅಲ್ಲಿ ಚರಗಳು ಎರಡಲ್ಲ, ಕೋಟಿಗಟ್ಟಲೆ.

ಇನ್ನು 80 ಸೆಂಟಿಮೀಟರು ಪಶ್ಚಿಮಕ್ಕೂ 60 ಸೆಂಟಿಮೀಟರು ಉತ್ತರಕ್ಕೂ ಸರಿದರೆ ಏನಾಗುತ್ತದೆ? ಪಶ್ಚಿಮದ ಸರಿತದಿಂದ 9.6 ಸೆಂಟಿಮೀಟರು ಏರು, ಉತ್ತರದ ಸರಿತದಿಂದ 9.6 ಸೆಂಟಿಮೀಟರು ಇಳಿವು, ಒಟ್ಟು ಶೂನ್ಯ. ಆ ಕ್ಷಣಕ್ಕೆ ಏರದೆ ಇಳಿಯದೆ ನಡೆಯುವ ದಿಕ್ಕು ಇದು. ಈ ದಿಕ್ಕನ್ನು ಹಿಡಿದು ಸಾಗಿದರೆ ದೊರೆಯುವುದೇ ಭೂಪಟದಲ್ಲಿ ಕಾಣುವ ಸಮೋನ್ನತಿ ರೇಖೆ. ಪ್ರವಣತೆಯು ಯಾವಾಗಲೂ ಈ ರೇಖೆಗೆ ಲಂಬವಾಗಿರುತ್ತದೆ. 1774ರಲ್ಲಿ ಸ್ಕಾಟ್ಲೆಂಡಿನ ಶಿಹ್ಯಾಲಿಯನ್ ಬೆಟ್ಟದ ಬಳಿ ನಡೆದ ಮಾಪನಗಳಿಂದ ಭೂಮಿಯ ಸಾಂದ್ರತೆಯನ್ನು ಲೆಕ್ಕಹಾಕುವ ಕೆಲಸ ಚಾರ್ಲ್ಸ್ ಹಟನ್ನನ ಪಾಲಿಗೆ ಬಂದಾಗ, ಸಮಾನ ಎತ್ತರದ ಬಿಂದುಗಳನ್ನು ರೇಖೆಯಿಂದ ಜೋಡಿಸಿದರೆ ಬೆಟ್ಟದ ಆಕಾರ ಕಣ್ಣಿಗೆ ಕಟ್ಟುತ್ತದೆಂಬುದನ್ನು ಅವನು ಕಂಡುಕೊಂಡನು. ಇಳಿಜಾರಿನ ತೋಟದಲ್ಲಿ ಕಾಫಿಗಿಡಗಳನ್ನು ಸಮೋನ್ನತಿ ರೇಖೆಯ ಗುಂಟ ನೆಡುವ ಬೆಳೆಗಾರನಿಗೆ ಅದರ ಪ್ರಯೋಜನ ಗೊತ್ತು: ಮಳೆಯ ನೀರು ಪ್ರವಣತೆಯ ದಾರಿ ಹಿಡಿದು ಓಡುತ್ತದೆ, ಅದಕ್ಕೆ ಅಡ್ಡಲಾಗಿ ನಿಂತ ಸಾಲು ಮಣ್ಣನ್ನು ಹಿಡಿದಿಡುತ್ತದೆ.

ಸಮತಟ್ಟು ನೆಲವೆಲ್ಲ ಶಿಖರವಲ್ಲ

ಪ್ರವಣತೆ ಶೂನ್ಯವಾದೆಡೆ ಶಿಖರ ಸಿಕ್ಕಿತೆಂದು ಸಂತೋಷಪಡಬಹುದೆ? ಆತುರ ಬೇಡ. ಕುಣಿಯ ತಳದಲ್ಲಿಯೂ ಅದು ಶೂನ್ಯವೇ. ಮೂರನೆಯ ಒಂದು ಸಾಧ್ಯತೆಯೂ ಉಂಟು. ಎರಡು ಬೆಟ್ಟಗಳ ನಡುವೆ ಘಟ್ಟದ ದಾರಿ ದಾಟುವ ಸ್ಥಳವನ್ನು ನೆನೆಯಿರಿ. ದಾರಿಯಲ್ಲಿ ಬರುವವನಿಗೆ ಅದು ಅತಿ ಎತ್ತರದ ಬಿಂದು. ಬೆಟ್ಟದ ಏಣಿನ ಮೇಲೆ ಶಿಖರದಿಂದ ಶಿಖರಕ್ಕೆ ನಡೆಯುವವನಿಗೆ ಅದೇ ಅತಿ ತಗ್ಗಿನ ಬಿಂದು. ಕುದುರೆಯ ಜೀನಿನ ಆಕಾರವೂ ಹೀಗೆಯೇ ಇರುವುದರಿಂದ ಇದನ್ನು ಜೀನುಬಿಂದುವೆಂದು ಕರೆಯಬಹುದು. ವಿದ್ಯುತ್ಕಾಂತ ಸಿದ್ಧಾಂತದಿಂದ ಪ್ರಸಿದ್ಧನಾದ ಮ್ಯಾಕ್ಸ್‌ವೆಲ್, ಗುಡ್ಡ ಕಣಿವೆಗಳ ಗಣಿತವನ್ನೇ ವಸ್ತುವಾಗಿಸಿಕೊಂಡು 1870ರಲ್ಲಿ ಒಂದು ಲೇಖನ ಬರೆದನು. ಈ ಮೂರನ್ನೂ ಬೇರ್ಪಡಿಸಿ ಗುರುತಿಸಲು ಎರಡನೆಯ ವರ್ಗದ ಆಂಶಿಕ ಅವಕಲಗಳು ನೆರವಾಗುತ್ತವೆ. ಸಂಕೇತ ಹುಡುಕುವವನಿಗೂ ಇದರಲ್ಲಿ ಪಾಠವಿದೆ: ಸುತ್ತಮುತ್ತಲಿಗಿಂತ ಇಲ್ಲಿ ಸಂಕೇತ ಚೆನ್ನಾಗಿದೆಯೆಂದ ಮಾತ್ರಕ್ಕೆ ಆಚೆಯ ಗುಡ್ಡದ ಮೇಲೆ ಇದಕ್ಕಿಂತ ಮೇಲಾದುದು ಇಲ್ಲವೆಂದು ಅರ್ಥವಲ್ಲ.

ಬೇಲಿಯೊಳಗಿನ ಗರಿಷ್ಠ

ಇಷ್ಟು ಹೊತ್ತು ವಿದ್ಯಾರ್ಥಿ ಮನಬಂದಲ್ಲಿ ನಡೆಯಬಹುದೆಂದು ಭಾವಿಸಿದ್ದೆವು. ನಿಜವಾಗಿ ಅಲ್ಲಿ ಬೇಲಿಗಳಿವೆ, ಪರರ ತೋಟಗಳಿವೆ, ಆನೆಯ ಭಯವಿದೆ. ಅವನು ರಸ್ತೆ ಬಿಟ್ಟು ಕದಲುವಂತಿಲ್ಲ. ರಸ್ತೆಯು ಪ + ಉ = 3 ಎಂಬ ಸರಳರೇಖೆಯಲ್ಲಿದೆಯೆನ್ನೋಣ. ಅದರ ಮೇಲೆ ಅತಿ ಎತ್ತರದ ಸ್ಥಳ ಯಾವುದು?

ರಸ್ತೆಯಲ್ಲಿ ನಡೆಯುತ್ತ ಅವನು ಒಂದೊಂದಾಗಿ ಸಮೋನ್ನತಿ ರೇಖೆಗಳನ್ನು ದಾಟುತ್ತಾನೆ. ದಾಟುತ್ತಿರುವಷ್ಟು ಕಾಲ ಎತ್ತರ ಬದಲಾಗುತ್ತಿರುತ್ತದೆ. ರಸ್ತೆಯು ಒಂದು ರೇಖೆಯನ್ನು ದಾಟದೆ ಕೇವಲ ಸ್ಪರ್ಶಿಸುವ ಜಾಗದಲ್ಲಿ ಏರು ನಿಂತು ಇಳಿವು ಮೊದಲಾಗುತ್ತದೆ. ಅಲ್ಲಿ ಪ್ರವಣತೆಯ ಬಾಣ ರಸ್ತೆಗೆ ಲಂಬವಾಗಿರಲೇಬೇಕು. ನಮ್ಮ ರಸ್ತೆಗೆ ಲಂಬವಾದ ದಿಕ್ಕಿನಲ್ಲಿ ಪೂರ್ವ ಉತ್ತರಗಳ ಪಾಲು ಸಮ; ಆದುದರಿಂದ 4ಪ = 8ಉ ಆಗಬೇಕು. ಎಂದರೆ ಪ = 2, ಉ = 1. ಎತ್ತರ 1200 − 8 − 4, ಅಂದರೆ 1,188 ಮೀಟರು. ಎರಡು ಮಗ್ಗುಲಿನ ಬಿಂದುಗಳನ್ನು ಪರೀಕ್ಷಿಸಿ ನೋಡಿ: ಪ = 3, ಉ = 0 ಆದಾಗಲೂ ಪ = 1, ಉ = 2 ಆದಾಗಲೂ ಎತ್ತರ 1,182 ಮೀಟರೇ.

ಈ ಉಪಾಯಕ್ಕೆ ಲಗ್ರಾಂಜನ ಗುಣಕಗಳ ವಿಧಾನವೆಂದು ಹೆಸರು. ಲಗ್ರಾಂಜನು 1788ರಲ್ಲಿ ಪ್ರಕಟಿಸಿದ ಯಂತ್ರಶಾಸ್ತ್ರದ ಮಹಾಗ್ರಂಥದಲ್ಲಿ ಒಂದೇ ಒಂದು ಚಿತ್ರವೂ ಇಲ್ಲವೆಂಬುದನ್ನು ಅವನೇ ಹೆಮ್ಮೆಯಿಂದ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾನೆ. ಕಲಿಯುವವರು ಮಾತ್ರ ಈ ವಿಷಯದಲ್ಲಿ ಅವನನ್ನು ಅನುಸರಿಸದಿರುವುದು ಕ್ಷೇಮ. ಚಿತ್ರ ಬರೆಯದೆ ಬಹುಚರ ಕಲನ ಸುಲಭವಾಗಿ ಒಲಿಯದು.

ದೂರದಿಂದ ಕಲಿತ ಒಬ್ಬ ವಿದ್ಯಾರ್ಥಿನಿ

ಲಗ್ರಾಂಜನ ಹೆಸರು ಬಂದಾಗ ಅವನ ಒಬ್ಬ ವಿಲಕ್ಷಣ ವಿದ್ಯಾರ್ಥಿಯನ್ನು ನೆನೆಯಬೇಕು. 1794ರಲ್ಲಿ ಪ್ಯಾರಿಸಿನಲ್ಲಿ ಎಕೋಲ್ ಪಾಲಿಟೆಕ್ನೀಕ್ ಎಂಬ ವಿದ್ಯಾಸಂಸ್ಥೆ ಆರಂಭವಾಯಿತು. ಸ್ತ್ರೀಯರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಸೋಫೀ ಜರ್ಮೇನ್ ಎಂಬ ತರುಣಿ ಅಲ್ಲಿನ ಉಪನ್ಯಾಸಗಳ ಟಿಪ್ಪಣಿಗಳನ್ನು ತರಿಸಿಕೊಂಡು ಮನೆಯಲ್ಲಿಯೇ ಓದಿದಳು. ಲಬ್ಲಾಂಕ್ ಎಂಬ ಪುರುಷನ ಹೆಸರಿನಲ್ಲಿ ತನ್ನ ಬರಹವನ್ನು ಲಗ್ರಾಂಜನಿಗೆ ಕಳುಹಿಸಿದಳು. ಅದರ ಪ್ರತಿಭೆಗೆ ಬೆರಗಾದ ಗುರುವು ಬರೆದವರಾರೆಂದು ತಿಳಿದ ಮೇಲೆಯೂ ಅವಳಿಗೆ ಪ್ರೋತ್ಸಾಹವಿತ್ತನು. ಕಂಪಿಸುವ ತಗಡುಗಳ ಗಣಿತಕ್ಕಾಗಿ 1816ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಬಹುಮಾನ ಅವಳಿಗೆ ದೊರೆಯಿತು. ತಗಡಿನ ಪ್ರತಿಯೊಂದು ಬಿಂದುವೂ ಎಷ್ಟು ಬಾಗುತ್ತದೆಂಬುದು ಬಹುಚರ ಫಲನವೇ ಸರಿ. ತರಗತಿಯೊಳಕ್ಕೆ ಕಾಲಿಡಲಾಗದವಳು ದೂರದಿಂದ ಕಲಿತ ವಿಷಯವೂ ಇದೇ ಆಗಿತ್ತು.

ನಮ್ಮ ದೇಶದಲ್ಲಿ ಅಂಚೆಯ ಮೂಲಕ ಪದವಿ ಶಿಕ್ಷಣವನ್ನು ಮೊದಲು ಆರಂಭಿಸಿದುದು ದೆಹಲಿ ವಿಶ್ವವಿದ್ಯಾನಿಲಯ, 1962ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣ ಸಂಸ್ಥೆ 1969ರಲ್ಲಿ ಪ್ರಾರಂಭವಾಯಿತು. ಅದೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ನಡೆಸುವ ಎನ್.ಪಿ.ಟಿ.ಇ.ಎಲ್. ಯೋಜನೆಯ ಗಣಿತ ಉಪನ್ಯಾಸಗಳನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ನೋಡಬಹುದು. ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ 2007ರಲ್ಲಿ ನಡೆದ ಬಹುಚರ ಕಲನದ ತರಗತಿಯ ಉಪನ್ಯಾಸಮಾಲೆಯೂ ಹಾಗೆಯೇ ಲಭ್ಯವಿದೆ. ಆದುದರಿಂದ ಇಂದಿನ ಕೊರತೆ ಪಾಠದ್ದಲ್ಲ. ಪಾಠವನ್ನು ನೋಡುವುದಕ್ಕೂ ಕಲಿಯುವುದಕ್ಕೂ ಇರುವ ಅಂತರವೇ ನಿಜವಾದ ಕಣಿವೆ. ತೆರೆಯ ಮೇಲೆ ಪ್ರಾಧ್ಯಾಪಕರು ಲೆಕ್ಕ ಬಿಡಿಸುವಾಗ ಎಲ್ಲವೂ ತಿಳಿದಂತೆ ಭಾಸವಾಗುತ್ತದೆ. ಫೋನನ್ನು ಬದಿಗಿಟ್ಟು ಖಾಲಿ ಹಾಳೆಯ ಮುಂದೆ ಕುಳಿತಾಗ ಮಾತ್ರ ತಿಳಿದುದೆಷ್ಟೆಂಬುದು ಗೊತ್ತಾಗುತ್ತದೆ. ಉಪನ್ಯಾಸವನ್ನು ನಡುವೆ ನಿಲ್ಲಿಸಿ ಮುಂದಿನ ಹೆಜ್ಜೆಯನ್ನು ತಾನೇ ಬರೆದು ನೋಡುವುದು, ಪ್ರತಿಯೊಂದು ಫಲನಕ್ಕೂ ಸಮೋನ್ನತಿ ರೇಖೆಗಳ ಚಿತ್ರ ಎಳೆಯುವುದು, ಬಿಡಿಸಿದ ಲೆಕ್ಕವನ್ನು ಒಬ್ಬ ಗುರುವಿಗೋ ಸಹಪಾಠಿಗೋ ಕಳುಹಿಸಿ ತಿದ್ದಿಸಿಕೊಳ್ಳುವುದು, ಇವು ಮೂರು ಇಲ್ಲದೆ ದೂರಶಿಕ್ಷಣವಿಲ್ಲ. ಸೋಫೀ ಜರ್ಮೇನಳ ಗುಟ್ಟು ಟಿಪ್ಪಣಿ ತರಿಸಿಕೊಂಡುದರಲ್ಲಿ ಇರಲಿಲ್ಲ; ತನ್ನ ಬರಹವನ್ನು ಗುರುವಿಗೆ ಕಳುಹಿಸಿದುದರಲ್ಲಿ ಇತ್ತು.

ಮಳೆಯ ಮೊತ್ತ

ಅವಕಲನದ ಜೊತೆಗೆ ಅನುಕಲನವೂ ಈ ಶಾಸ್ತ್ರದ ಅರ್ಧಭಾಗ. ಅದಕ್ಕೂ ಕೊಡಗಿನಲ್ಲಿ ಉದಾಹರಣೆ ಹುಡುಕಬೇಕಾಗಿಲ್ಲ. ಇಲ್ಲಿನ ಅನೇಕ ತೋಟಗಳಲ್ಲಿ ಮಳೆಮಾಪಕವಿದ್ದು ದಿನದಿನದ ಮಳೆಯನ್ನು ಅಂಗುಲಗಳ ಲೆಕ್ಕದಲ್ಲಿ ಬರೆದಿಡುವ ವಾಡಿಕೆಯಿದೆ. ಭಾಗಮಂಡಲದ ಕಡೆ ಮಳೆ ಅತಿ ಹೆಚ್ಚು. ಪೂರ್ವದ ಕುಶಾಲನಗರದ ಕಡೆ ಬಹಳ ಕಡಿಮೆ. ಹಾಗಿರುವಾಗ ಇಡೀ ಜಿಲ್ಲೆಯ ಮೇಲೆ ಬಿದ್ದ ನೀರೆಷ್ಟು? ಭೂಪಟವನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ, ಪ್ರತಿಯೊಂದು ಚೌಕದ ವಿಸ್ತೀರ್ಣವನ್ನು ಅಲ್ಲಿನ ಮಳೆಯಿಂದ ಗುಣಿಸಿ ಎಲ್ಲವನ್ನೂ ಕೂಡಬೇಕು. ಚೌಕಗಳನ್ನು ಮತ್ತಷ್ಟು ಕಿರಿದು ಮಾಡುತ್ತ ಹೋದಂತೆ ಮೊತ್ತವು ಸಮೀಪಿಸುವ ಬೆಲೆಯೇ ದ್ವಿ ಅನುಕಲ.

ಇಳಿಜಾರಿನ ನೆಲದ ವಿಸ್ತೀರ್ಣ ಭೂಪಟದ ವಿಸ್ತೀರ್ಣಕ್ಕಿಂತ ಹೆಚ್ಚಲ್ಲವೆ, ಅದನ್ನು ಲೆಕ್ಕಕ್ಕೆ ತರಬೇಡವೆ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಬೇಡ, ಮಳೆಮಾಪಕದ ಬಾಯಿ ಮಟ್ಟಸವಾಗಿರುವುದರಿಂದ ಅದು ಅಳೆಯುವುದು ಮಟ್ಟಸ ವಿಸ್ತೀರ್ಣದ ಮೇಲೆ ಬಿದ್ದ ನೀರನ್ನೇ. ಆದರೆ ಅದೇ ಗುಡ್ಡಕ್ಕೆ ಹುಲ್ಲು ಹೊದಿಸಬೇಕಾದರೆ ಇಳಿಜಾರಿನ ವಿಸ್ತೀರ್ಣವೇ ಬೇಕು. ಆ ಲೆಕ್ಕದೊಳಕ್ಕೆ ಆಂಶಿಕ ಅವಕಲಗಳು ಮತ್ತೆ ಬರುತ್ತವೆ.

ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆಯೆಂದರೆ ಒಂದು ಲಕ್ಷ ಲೀಟರಿಗೂ ಮಿಗಿಲಾದ ನೀರು. ಕೊಡಗಿನ ವಿಸ್ತೀರ್ಣ 4,102 ಚದರ ಕಿಲೋಮೀಟರು. ಇದರ ಮೇಲೆಲ್ಲ ಸರಾಸರಿ ಒಂದು ಮಿಲಿಮೀಟರು ಮಳೆಯಾದರೆ ಬಿದ್ದ ನೀರು 410 ಕೋಟಿ ಲೀಟರು. ಹಾರಂಗಿ ಜಲಾಶಯದ ಸಾಮರ್ಥ್ಯ ಸುಮಾರು 8.5 ಟಿ.ಎಂ.ಸಿ. ಅಷ್ಟು ನೀರು ಜಿಲ್ಲೆಯ ಮೇಲೆ ಬೀಳಲು ಸರಾಸರಿ 59 ಮಿಲಿಮೀಟರು ಮಳೆ ಸಾಕು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದು ಮನೆ ತೋಟಗಳನ್ನು ನುಂಗಿದುದನ್ನು ಕಂಡವರಿಗೆ ಇಂತಹ ಲೆಕ್ಕಗಳು ಬರಿಯ ಪರೀಕ್ಷೆಯ ಸರಕಲ್ಲ. ನೆಲದ ಇಳಿಜಾರು ಎಷ್ಟು, ಮಣ್ಣು ಕುಡಿದ ನೀರೆಷ್ಟು, ಅದು ಯಾವ ದಿಕ್ಕಿಗೆ ಹರಿಯುತ್ತದೆ ಎಂಬ ಪ್ರಶ್ನೆಗಳೆಲ್ಲ ಪ್ರವಣತೆಯ ಮತ್ತು ಅನುಕಲನದ ಪ್ರಶ್ನೆಗಳೇ. ಅಪಾಯದ ಗುಡ್ಡಗಳನ್ನು ಮುಂಚಿತವಾಗಿ ಗುರುತಿಸುವ ಕೆಲಸಕ್ಕೆ ಈ ಗಣಿತವನ್ನು ಬಲ್ಲವರು, ಅದರಲ್ಲಿಯೂ ಆ ಗುಡ್ಡಗಳನ್ನು ಕಾಲಿನಿಂದ ಬಲ್ಲವರು, ಬೇಕಾಗಿದ್ದಾರೆ.

1926ರಲ್ಲಿ ಮಡಿಕೇರಿಯಲ್ಲಿ ಜನಿಸಿದ ಜಿ. ಟಿ. ನಾರಾಯಣ ರಾಯರು ಗಣಿತದ ಅಧ್ಯಾಪಕರಾಗಿ, ಕನ್ನಡದಲ್ಲಿ ವಿಜ್ಞಾನವನ್ನು ಬರೆದವರಲ್ಲಿ ಅಗ್ರಗಣ್ಯರಾಗಿ ಬಾಳಿದರು. ಗಣಿತವು ನಮ್ಮ ಮಾತಿಗೂ ನಮ್ಮ ಮಲೆಗೂ ಹೊರಗಿನದಲ್ಲವೆಂಬುದಕ್ಕೆ ಅವರ ಬರಹಗಳೇ ಸಾಕ್ಷಿ.

ಕಡೆಗೆ ವಾಚಕರಿಗೆ ಒಂದು ಲೆಕ್ಕ. ನಮ್ಮ ಗುಡ್ಡ ಅದೇ ಇರಲಿ; ರಸ್ತೆ ಮಾತ್ರ ಪ + 2ಉ = 6 ಎಂಬ ರೇಖೆಯಲ್ಲಿರಲಿ. ಅದರ ಮೇಲಿನ ಅತ್ಯುನ್ನತ ಬಿಂದು ಯಾವುದು? ಎತ್ತರ 1,176 ಮೀಟರೆಂದು ಬಂದರೆ ತಾವು ಬಹುಚರ ಕಲನದ ಒಂದು ಮುಖ್ಯ ಪಾಠವನ್ನು ದೂರದಿಂದಲೇ ಕಲಿತಿರೆಂದು ತಿಳಿಯಬಹುದು. ಬೇರೆ ಉತ್ತರ ಬಂದಲ್ಲಿ ಹಾಳೆಯ ಮೇಲೆ ಸಮೋನ್ನತಿ ರೇಖೆಗಳನ್ನೆಳೆದು, ರಸ್ತೆಯು ಅವುಗಳಲ್ಲಿ ಒಂದನ್ನು ಎಲ್ಲಿ ಸ್ಪರ್ಶಿಸುತ್ತದೆಂಬುದನ್ನು ಇನ್ನೊಮ್ಮೆ ನೋಡಬೇಕು.